ಉಳುಕು ತೆಗೆಯುವವನ ಉಳುಕು

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಮಾಡಿಕೊಂಡು ಬಂದೆನಂತೆ. ಸೂಲಗಿತ್ತಿ ಹೆದರಿದಳು, ಅವ್ವ ಎರಡು ದಿನ ನರಳಿದಳು, ನಾನು ಮಾತ್ರ ಬಸ್ಸಿನಿಂದ ಇಳಿಯುವವನ ಹಾಗೆ ಪಾದ ಊರಿಕೊಂಡು ಭೂಮಿಗೆ ಇಳಿದೆ. ಇದರಲ್ಲಿ ನನ್ನ ಸಾಧನೆ ಏನೂ ಇಲ್ಲ. ಆದರೆ ನಮ್ಮ ಚನ್ನಪಟ್ಟಣದ ಕಡೆ ಹಾಗೆ ಹುಟ್ಟಿದವನ ಕಾಲಿಗೆ ಒಂದು ಮರ್ಯಾದೆ ಇದೆ. ಸೊಂಟ ಉಳುಕಿದವರು ಪೂರ್ವಕ್ಕೆ ತಲೆ ಹಾಕಿ ಬೋರಲು ಮಲಗಬೇಕು, ಕಾಲು ಮುಂದಾಗಿ ಹುಟ್ಟಿದವನು ನೋವಿನ ಜಾಗಕ್ಕೆ ಬಲಗಾಲಿನಿಂದ ಮೂರು ಸಲ ಒದೆಯಬೇಕು. ಉಳುಕು ಬಿಟ್ಟುಹೋಗುತ್ತದೆ ಎಂದು ನಂಬಿಕೆ. ಒದೆ ಎಂದರೆ ನಿಜವಾದ ಒದೆಯಲ್ಲ, ಹಿಮ್ಮಡಿಯಿಂದ ಮೆಲ್ಲಗೆ ತಟ್ಟುವುದು. ಆದರೂ ಒದೆ ಎಂದು ಕರೆದರೇ ಬಂದವರಿಗೆ ಸಮಾಧಾನ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದೊಂದು ಡಿಗ್ರಿ ಇದ್ದ ಹಾಗಿತ್ತು. ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಬ್ಯಾಂಕಿನವರು ಮಲಗಿದ್ದಾರೆ, ಪೊಲೀಸಿನವರು ಮಲಗಿದ್ದಾರೆ. ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಲೆಕ್ಕದ ಮೇಷ್ಟ್ರೂ ಒಂದು ದಿನ ಗೋಡೆ ಹಿಡಿದುಕೊಂಡು ಬಂದು ಮಲಗಿದರು. ಅವರಿಗೆ ಮಾತ್ರ ನಾಲ್ಕು ಒದ್ದೆ. "ಮೂರು ಅಲ್ವೇನಯ್ಯ?" ಎಂದರು. "ಲೆಕ್ಕದಲ್ಲಿ ನಾನು ಮೊದಲಿಂದ್ಲೂ ಹಿಂದೆ ಅಲ್ವಾ ಸಾ" ಎಂದೆ. ಯಾರ ಹತ್ತಿರವೂ ಒಂದು ಕಾಸೂ ಮುಟ್ಟುತ್ತಿರಲಿಲ್ಲ. ಮುಟ್ಟದೇ ಇದ್ದುದರಿಂದ ಜಂಬ ಇಮ್ಮಡಿಯಾಗಿತ್ತು.

ಆ ಬಲಗಾಲಿನ ಸೊಂಟದ ಕೀಲು ಈಗ ಇಲ್ಲ. ಅದರ ಜಾಗದಲ್ಲಿ ಲೋಹದ್ದೊಂದು ಕೂತಿದೆ. ಎಡಗಾಲಿನದನ್ನಾದರೂ ಉಳಿಸಿಕೊಳ್ಳಬೇಕೆಂದು ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ನಾನು ಎಲ್ಲಿಂದಲೂ ಬಿದ್ದಿಲ್ಲ, ಯಾವ ಗಾಡಿಯೂ ನನಗೆ ಗುದ್ದಿಲ್ಲ. ನನ್ನ ಮೂಳೆಯನ್ನು ನಾನೇ ಕೊಂದುಕೊಂಡೆ, ಅದೂ ಮೂರು ಹೊತ್ತು ಚೆನ್ನಾಗಿ ಉಂಡುಕೊಂಡು.

ಭಾನುವಾರ ಬಿಟ್ಟರೆ ನಾನು ಬೊಂಬೆ ಕೆಲಸದವನು. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ತಿರುಗುತ್ತಿದ್ದ ಹಾಗೆ ಉಳಿ ಹಿಡಿದು ಆಕಾರ ತೆಗೆದು, ಬಣ್ಣದ ಅರಗು ಒತ್ತಿ ಮೆರುಗು ಕೊಡುತ್ತೇನೆ. ಗಿಲಕಿ, ಬುಗುರಿ, ಮಣಿ. ಅದರಲ್ಲೂ ಮರದಲ್ಲಿ ಚೆಂಡಿನಂಥ ಗುಂಡು ತೆಗೆಯುವುದರಲ್ಲಿ ನನ್ನನ್ನು ಮೀರಿಸುವವನು ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಅಳತೆಯ ಸಾಮಾನು ಬೇಡ, ಕಣ್ಣಿನಲ್ಲೇ ಹಿಡಿಯುತ್ತಿದ್ದೆ. ಮಿಕ್ಕವರು ಸ್ಟೂಲಿನ ಮೇಲೆ ಕೂತು ತಿರುವಿದರೆ ನಾನು ನಿಂತೇ ತಿರುವುತ್ತಿದ್ದೆ. ಕೂತು ಮಾಡುವ ಕೆಲಸವನ್ನು ನಾನು ಕೆಲಸ ಎಂದು ಒಪ್ಪುತ್ತಿರಲಿಲ್ಲ.

ಮೂವತ್ತು ವರ್ಷ ಮರದ ಪುಡಿ ಕುಡಿದ ಮೇಲೆ ಎದೆಯಲ್ಲಿ ಗೊರಗೊರ ಶುರುವಾಯಿತು. ಊರಿನ ಡಾಕ್ಟರು ಉಬ್ಬಸ ಎಂದರು. ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಂಡು ಕೆಲಸ ಮಾಡಿ ಎಂದು ಹೇಳಿ, ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಅದನ್ನು ಒಂದೇ ಒಂದು ಸಲ ಲೇತಿನ ಮುಂದೆ ಎಳೆದೆ. ಪಕ್ಕದ ಲೇತಿನ ನನ್ನ ಗೆಳೆಯ ನೋಡಿಬಿಟ್ಟ.

"ಏನ್ಲಾ ಅದು, ಸೈಕಲ್ಲಿಗೆ ಗಾಳಿ ಹೊಡ್ಕೊಂಡಂಗೆ ಹೊಡ್ಕತಿದ್ದೀಯ? ಪಂಚರ್ ಆಯ್ತಾ?"

ಅಷ್ಟೇ. ಪಂಪು ಅಟ್ಟ ಸೇರಿತು. ಹತ್ತಾರು ಜನರ ಉಳುಕು ತೆಗೆಯುವ ಮನುಷ್ಯ ಹತ್ತು ಜನರ ಎದುರು ಗಾಳಿ ಹೊಡೆಸಿಕೊಳ್ಳುವುದು ಹೇಗೆ? ಯಾರಿಗೂ ಕಾಣದ ಔಷಧಿ ಬೇಕಾಗಿತ್ತು, ಸಿಕ್ಕಿತು. ವಾರಕ್ಕೊಮ್ಮೆ ಸಂತೆಗೆ ಬರುತ್ತಿದ್ದ ಒಬ್ಬ ಪಂಡಿತ ಬಿಳಿ ಪುಡಿಯನ್ನು ಪೊಟ್ಟಣ ಕಟ್ಟಿ ಕೊಡುತ್ತಿದ್ದ. "ಬರೀ ಬೇರು ಯಜಮಾನ್ರೇ, ಕಾಡಿನ್ ಬೇರು. ಸೈಡ್ ಎಫೆಕ್ಟೇ ಇಲ್ಲ" ಎಂದ. ಬೇರು ಕುಟ್ಟಿದರೆ ಅಷ್ಟು ಬೆಳ್ಳಗೆ ಬರುತ್ತದೆಯೇ ಎಂದು ಮರದ ಜೊತೆ ಬದುಕಿದ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಪುಡಿ ಮಾತ್ರ ಅದ್ಭುತವಾಗಿತ್ತು. ಮೂರನೇ ದಿನಕ್ಕೆ ಉಸಿರು ಸಲೀಸಾಯಿತು. ಹಸಿವೆಂದರೆ ಹಸಿವು, ಎರಡು ಮುದ್ದೆ ತಿನ್ನುವವನು ನಾಲ್ಕಕ್ಕೆ ಹೋದೆ. ಮುಖ ತುಂಬಿಕೊಂಡು ದುಂಡಗಾಯಿತು, ಕೆನ್ನೆ ಕೆಂಪಾಯಿತು. "ಸಾಹುಕಾರ್ರ ಕಳೆ ಬಂದ್ಬುಡ್ತು ಕಣ್ಲಾ ನಿಂಗೆ" ಎಂದು ಊರಿನವರು ಹೇಳಿದರು. ನಾನು ಫೋಟೋ ತೆಗೆಸಿ ಗೋಡೆಗೆ ಹಾಕಿಸಿದೆ. ಕೈಕಾಲು ಮಾತ್ರ ಸಣ್ಣಗಾಗುತ್ತಿದ್ದವು, ಎಲ್ಲಾದರೂ ತಾಕಿದರೆ ಚರ್ಮ ನೀಲಿಗಟ್ಟುತ್ತಿತ್ತು. ಅದು ಫೋಟೋದಲ್ಲಿ ಬರಲಿಲ್ಲ. ಮೂರು ವರ್ಷ, ದಿನಕ್ಕೆ ಎರಡು ಪೊಟ್ಟಣ.

ಆ ಮೂರನೇ ವರ್ಷದಲ್ಲೇ ಬಲಗಡೆ ತೊಡೆಸಂದಿನಲ್ಲಿ ಒಂದು ನೋವು ಕಾಣಿಸಿಕೊಂಡಿತು. ನಡೆದರೆ ಮಂಡಿಯವರೆಗೂ ಇಳಿಯುತ್ತಿತ್ತು, ಕೂತು ಏಳುವಾಗ ಹಿಡಿದುಕೊಳ್ಳುತ್ತಿತ್ತು. ಉಳುಕು ಎಂದುಕೊಂಡೆ. ಬೇರೆ ಏನು ಅಂದುಕೊಳ್ಳಲಿ, ನನಗೆ ಗೊತ್ತಿದ್ದ ಕಾಯಿಲೆ ಅದೊಂದೇ. ಆದರೆ ಉಳುಕು ತೆಗೆಯುವವನಿಗೇ ಉಳುಕು ಎಂದರೆ ಭಾನುವಾರ ನಮ್ಮ ಜಗಲಿಗೆ ಯಾರು ಬರುತ್ತಾರೆ? ಬಾಯಿ ಮುಚ್ಚಿಕೊಂಡೆ. ಕುಂಟಿದರೆ ಚಪ್ಪಲಿ ಕಚ್ಚಿದೆ ಎನ್ನುತ್ತಿದ್ದೆ. ಆರು ತಿಂಗಳಲ್ಲಿ ನಾಲ್ಕು ಜೊತೆ ಚಪ್ಪಲಿ ನನ್ನನ್ನು ಕಚ್ಚಿದವು. ಮದುವೆ ಮನೆಗಳಲ್ಲಿ ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂರಲು ಆಗದೆ, "ನಾನು ಬಡಿಸ್ತೀನಿ ಬುಡ್ರಪ್ಪ" ಎಂದು ಬಕೀಟು ಹಿಡಿದುಬಿಡುತ್ತಿದ್ದೆ. ಎಂಥಾ ಸೇವಾ ಮನೋಭಾವ ಎಂದು ಹೊಗಳಿದರು. ಹೊಗಳಿಕೆಗಾಗಿ ಇನ್ನೊಂದು ಸುತ್ತು ಸಾರು ಬಡಿಸಿ, ಮನೆಗೆ ಬಂದು ದಿಂಬು ಕಚ್ಚಿಕೊಂಡು ಮಲಗುತ್ತಿದ್ದೆ.

ನನ್ನ ಕಾಲಿನಿಂದ ನನ್ನ ತೊಡೆಸಂದಿಗೇ ಒದ್ದುಕೊಳ್ಳಲು ಆಗುವುದಿಲ್ಲ ಎಂಬುದನ್ನು ಬಚ್ಚಲಿನಲ್ಲಿ ಪ್ರಯತ್ನಪಟ್ಟೇ ತಿಳಿದುಕೊಂಡೆ. ಹಾಗಾಗಿ ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬರು ಬೇಕಾಯಿತು. ಹುಡುಕಿದಾಗ ಮಾಗಡಿ ಕಡೆ, ಸಾವನದುರ್ಗದ ಬುಡದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಇದ್ದಾಳೆಂದು ತಿಳಿಯಿತು. ಹೆಂಡತಿಗೆ ಮರ ನೋಡಲು ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿದೆ.

ಅಜ್ಜಿ ಒಣಗಿದ ಅವರೆಕಾಯಿಯ ಹಾಗಿದ್ದಳು. ನನ್ನ ಕೆಲಸ, ಊರು ಏನೂ ಹೇಳದೆ, "ಉಳುಕು ಕಣವ್ವ" ಎಂದೆ.

"ಮಲಿಕ್ಕೊ."

ಮಲಗಿದೆ. ಅವಳು ಗೋಡೆ ಹಿಡಿದುಕೊಂಡು ಒಂದು ತಟ್ಟಿದಳು, ಎರಡು ತಟ್ಟಿದಳು, ಮೂರನೆಯದಕ್ಕೆ ನಿಲ್ಲಿಸಿದಳು.

"ಯಾವೂರಪ್ಪ ನಿಂದು? ಅಲ್ಲಿ ಎಷ್ಟು ಜನಕ್ಕೆ ಒದ್ದಿದ್ದೀಯ?"

"ಯಾಕವ್ವ ಹಂಗಂತೀಯ?"

"ನಾನು ಹೇಳೋಕ್ ಮುಂಚೇನೇ ಮೂಡ್ಲಾಗೆ ತಲೆ ಹಾಕ್ದೆ. ಸೊಂಟದ್ ಮೇಲಿನ್ ಅಂಗಿ ನೀನೇ ಸರಿಸ್ದೆ. ಬಂದೋರು ಯಾರೂ ಹಂಗ್ ಮಾಡಕಿಲ್ಲ, ನಾವು ಹೇಳ್ಬೇಕು."

ಒಪ್ಪಿಕೊಂಡೆ. ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. ನಂತರ ನನ್ನನ್ನು ಅಂಗಾತ ತಿರುಗಿಸಿ, ಮಂಡಿ ಮಡಿಸಿ, ಕಾಲನ್ನು ಹೊರಗಡೆಗೆ ಅಲ್ಲಾಡಿಸಿ ನೋಡಿದಳು. ನಾನು ಹಲ್ಲು ಕಚ್ಚಿ ತೊಡೆಸಂದು ಹಿಡಿದುಕೊಂಡೆ.

"ಮಗ, ಇದು ಉಳುಕಲ್ಲ. ಉಳುಕಾದೋರು ಬೆನ್ನು ತೋರುಸ್ತಾರೆ, ನೀನು ಸಂದು ತೋರುಸ್ತಿದ್ದೀಯ. ಕಾಲು ತಿರುಗ್ತಾನೇ ಇಲ್ಲ. ಆಸ್ಪತ್ರೆಗೆ ಹೋಗು."

"ನಿನ್ ಕೈಲಿ ಆಗಕಿಲ್ವಾ?"

"ನಾವೇನು ಡಾಕ್ಟ್ರಾ? ಕಾಲು ಮುಂದಾಗಿ ಹುಟ್ಟಿದ್ದೀವಿ, ಅಷ್ಟೇಯ. ಅದು ನಮ್ಮವ್ವನ ಕಷ್ಟ, ನಮ್ ಇದ್ಯೆ ಅಲ್ಲ."

ಅಷ್ಟು ವರ್ಷದ ನನ್ನ ಡಿಗ್ರಿಯನ್ನು ಅಜ್ಜಿ ಒಂದೇ ಮಾತಿನಲ್ಲಿ ವಾಪಸು ತೆಗೆದುಕೊಂಡಳು.

ರಾಮನಗರದ ಒಂದು ಆಸ್ಪತ್ರೆಗೆ ಹೆಂಡತಿಯ ಜೊತೆ ಹೋದೆ. ಅಂದರೆ, ಮರ ನೋಡಲು ಹೋದವನು ಬರಿಗೈಯಲ್ಲಿ ಕುಂಟುತ್ತಾ ಬಂದದ್ದು ನೋಡಿ ಅವಳೇ ಕರೆದುಕೊಂಡು ಹೋದಳು. ಮೂಳೆ ಡಾಕ್ಟರು ನನ್ನ ಅರ್ಧ ವಯಸ್ಸಿನ ಹೆಣ್ಣುಮಗಳು. ಎಕ್ಸರೇ ಆಯಿತು, ಗುಡುಗುಡು ಸದ್ದು ಮಾಡುವ ಕೊಳವೆಯೊಳಗೆ ಮಲಗಿಸಿ ಸ್ಕ್ಯಾನೂ ಆಯಿತು. ಆಕೆ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದರು.

"ತೊಡೆಮೂಳೆ ತುದಿಯಲ್ಲಿ ಒಂದು ಗುಂಡು ಇರುತ್ತೆ. ಸೊಂಟದ ಬಟ್ಟಲಲ್ಲಿ ಕೂತು ತಿರುಗುತ್ತೆ. ಅದಕ್ಕೆ ರಕ್ತ ಹೋಗೋ ನಾಳಗಳು ಬಹಳ ಸಣ್ಣವು. ಅವು ಕಟ್ಟಿಕೊಂಡ್ರೆ ಮೂಳೆಗೆ ಆಹಾರ ಇಲ್ಲ, ಸಾಯುತ್ತೆ. ಸತ್ತ ಮೂಳೆ ಮೇಲೆ ಭಾರ ಹಾಕ್ತಾ ಇದ್ರೆ ಒಂದು ದಿನ ಕುಸಿಯುತ್ತೆ."

ಬಲಗಡೆಯ ಗುಂಡನ್ನು ನೋಡಿದೆ. ಮೇಲುಗಡೆ ಚಪ್ಪಟೆಯಾಗಿ, ಅಂಚಿನಲ್ಲಿ ಮೆಟ್ಟಿಲಿನ ಹಾಗೆ ಮುರಿದಿತ್ತು. "ನನ್ ಲೇತಲ್ಲಿ ಇಂಥಾ ಗುಂಡು ಬಂದಿದ್ರೆ ಒಲೆಗೆ ಹಾಕ್ತಿದ್ದೆ ಮೇಡಂ" ಎಂದೆ.

"ನಾವೂ ತೆಗೆದು ಹಾಕಬೇಕಾಗುತ್ತೆ" ಎಂದರು ಆಕೆ, ನಗದೆ. "ಇದು ಸಾಮಾನ್ಯವಾಗಿ ಜೋರಾಗಿ ಬಿದ್ದೋರಿಗೆ, ಮೂಳೆ ಮುರಿದೋರಿಗೆ ಬರುತ್ತೆ. ಬಿದ್ದಿದ್ರಾ?"

"ನಾನು ಬೀಳೋನಲ್ಲ."

"ಕುಡೀತೀರಾ? ತುಂಬಾ ಕುಡಿಯೋರಿಗೂ ಬರುತ್ತೆ."

ಇಲ್ಲಿ ನನಗೆ ಸಿಟ್ಟು ಬಂತು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿಲ್ಲ ಎಂದು ಒಂದು ಭಾಷಣವನ್ನೇ ಮಾಡಿದೆ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು ಮುಂದುವರಿಸಿದರು. ರಕ್ತಕಣದ ಕಾಯಿಲೆ ಮನೆತನದಲ್ಲಿ ಇದೆಯೇ, ರಕ್ತ ಬೇಗ ಹೆಪ್ಪುಗಟ್ಟುವ ತೊಂದರೆ ಇದೆಯೇ, ಕ್ಯಾನ್ಸರಿಗೆ ರೇಡಿಯೇಷನ್ ಕರೆಂಟು ಕೊಡಿಸಿದ್ದೀರಾ, ಕೊರೊನಾ ಬಂದಾಗ ಆಸ್ಪತ್ರೆಯಲ್ಲಿ ಸ್ಟೆರಾಯ್ಡ್ ಕೊಟ್ಟಿದ್ದರೇ. ಕೆಲವರಿಗೆ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ ಎಂದೂ ಹೇಳಿದರು. ನಾನು ಎಲ್ಲಕ್ಕೂ ಇಲ್ಲ ಎಂದೆ. "ಸ್ಟೆರಾಯ್ಡ್ ಎಲ್ಲ ಜಿಮ್ಮಿಗೆ ಹೋಗೋರು ತಗೊಳೋದು ಮೇಡಂ. ನಾವು ಮೈ ಬಗ್ಗಿಸಿ ದುಡಿದು ಉಣ್ಣೋರು."

ಪಕ್ಕದಲ್ಲಿ ಕೂತಿದ್ದ ಹೆಂಡತಿ ವ್ಯಾನಿಟಿ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಇಟ್ಟಳು.

"ಉಬ್ಸಕ್ಕೆ ಅಂತ ಇದನ್ನ ತಿಂತಾರೆ ಮೇಡಮ್ಮೋರೆ. ಮೂರ್ ವರ್ಸಾಯ್ತು. ಯಾರ್ಗೂ ಹೇಳ್ಬ್ಯಾಡ ಅಂದವ್ರೆ. ನಾನು ಹೇಳ್ತಿಲ್ಲ, ಇಟ್ಟಿವ್ನಿ ಅಷ್ಟೇಯ."

ಡಾಕ್ಟರು ಪೊಟ್ಟಣ ಬಿಚ್ಚಿ ನೋಡಿದರು, ನನ್ನ ದುಂಡು ಮುಖ ನೋಡಿದರು, ಸಣಕಲು ತೋಳಿನ ಮೇಲಿನ ನೀಲಿ ಮಚ್ಚೆ ನೋಡಿದರು. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಎಂದು ಕಣ್ಣಿನಿಂದ ಹೇಳಲು ಆಗುವುದಿಲ್ಲ, ಆದರೆ ನಿಮ್ಮ ಮೈ ಎಲ್ಲಾ ಹೇಳುತ್ತಿದೆ ಎಂದರು. ಸಾಹುಕಾರರ ಕಳೆ ಎಂದು ನಾನು ಗೋಡೆಗೆ ಹಾಕಿಸಿದ್ದು ಸ್ಟೆರಾಯ್ಡಿನ ಊತವಾಗಿತ್ತು.

"ಪಂಪಲ್ಲೂ ಅದೇ ಜಾತಿ ಔಷಧಿ ಇರುತ್ತೆ" ಎಂದರು. "ಆದರೆ ಅದು ಚೂರೇ ಚೂರು, ನೇರ ಶ್ವಾಸಕೋಶಕ್ಕೆ. ನೀವು ಅದನ್ನ ಬಿಟ್ಟು ಮೈಗೆಲ್ಲಾ ಸುರಿದುಕೊಂಡಿದ್ದೀರಿ. ಪಂಪು ಯಾಕೆ ಬಿಟ್ರಿ?"

ಸೈಕಲ್ಲು, ಪಂಚರ್ ಎಂದೆಲ್ಲ ಹೇಳಲು ನಾಚಿಕೆಯಾಯಿತು.

ಆಮೇಲೆ ಆಕೆ ಎಡಗಡೆಯ ಚಿತ್ರಕ್ಕೆ ಬಂದರು. ಮೇಲೆ ನೋಡಿದರೆ ನುಣ್ಣಗೆ, ಗುಂಡಗೆ, ನಾನೇ ತಿರುವಿದ ಹಾಗಿತ್ತು. ಒಳಗೆ ಮಾತ್ರ ಒಂದು ಗೆರೆ ಎಳೆದ ಹಾಗೆ ಬೇರೆ ಬಣ್ಣ.

"ಇಲ್ಲೂ ಶುರುವಾಗಿದೆ."

"ಎಡಗಾಲು ನೋಯ್ತಾನೇ ಇಲ್ವಲ್ಲ ಮೇಡಂ."

"ನೋಯೋಕೆ ಮುಂಚೆ ಸಿಕ್ಕಿದೆ, ಅದೇ ಅದೃಷ್ಟ. ಬಲಗಡೇದು ಬದಲಾಯಿಸಲೇಬೇಕು. ಎಡಗಡೇದು ಇನ್ನೂ ಕುಸಿದಿಲ್ಲ. ಪಕ್ಕದಿಂದ ಸಣ್ಣ ತೂತು ಕೊರೆದು ಸತ್ತ ಜಾಗದವರೆಗೆ ಹೋಗ್ತೀವಿ. ಒಳಗಿನ ಒತ್ತಡ ಇಳಿಯುತ್ತೆ, ಹೊಸ ರಕ್ತನಾಳ ಬರೋಕೆ ದಾರಿ ಆಗುತ್ತೆ. ಉಳಿಯುತ್ತೆ ಅಂತ ಮಾತು ಕೊಡಲ್ಲ. ಉಳಿಸೋಕೆ ನೋಡೋಣ."

ಹೊರಗೆ ಚೆನ್ನಾಗಿ ಕಂಡು ಒಳಗೆ ಜೀವ ಸತ್ತ ಮರವನ್ನು ನಾನು ಎಷ್ಟೋ ಸಲ ಲೇತಿಗೆ ಹಾಕಿದ್ದೇನೆ. ಉಳಿ ತಾಕಿದ ಕೂಡಲೇ ಸೀಳಿ ಹಾರುತ್ತದೆ. ಅವತ್ತು ನನಗೆ ಮೊದಲ ಸಲ ಹೆದರಿಕೆಯಾಯಿತು. ಹೋದ ಕಾಲಿಗಿಂತ ಹೋಗಲಿರುವ ಕಾಲಿನದೇ ಯೋಚನೆ.

ಪುಡಿಯನ್ನು ಒಂದೇ ಸಲಕ್ಕೆ ನಿಲ್ಲಿಸಬಾರದು, ಇಷ್ಟು ವರ್ಷದಲ್ಲಿ ನಿಮ್ಮ ಮೈ ತನ್ನ ಪಾಲಿನ ಸ್ಟೆರಾಯ್ಡನ್ನು ತಾನೇ ತಯಾರು ಮಾಡುವುದನ್ನೇ ಮರೆತಿರುತ್ತದೆ, ಅದರ ಬದಲು ಈ ಮಾತ್ರೆಯನ್ನು ವಾರವಾರಕ್ಕೆ ಕಡಿಮೆ ಮಾಡುತ್ತಾ ಬನ್ನಿ ಎಂದು ಚೀಟಿ ಬರೆದುಕೊಟ್ಟರು. ಎದೆಯ ಡಾಕ್ಟರನ್ನೂ ನೋಡಿ ಎಂದರು. ಮನೆಗೆ ಬಂದ ನಾನು ಯೋಚಿಸಿದೆ: ಸ್ಟೆರಾಯ್ಡಿನಿಂದ ಮೂಳೆ ಸತ್ತಿತು ಎಂದವರೇ ಸ್ಟೆರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದಾರೆ, ಇದೆಂಥಾ ನ್ಯಾಯ? ನಾನು ಮನಸ್ಸು ಮಾಡಿದರೆ ಯಾವುದನ್ನಾದರೂ ಒಂದೇ ಏಟಿಗೆ ಬಿಡುವ ಗಂಡಸು. ಪೊಟ್ಟಣಗಳನ್ನು ಚರಂಡಿಗೆ ಎಸೆದೆ. ಮಾತ್ರೆಯ ಬಾಟಲಿಯ ಮುಚ್ಚಳ ಸಹ ತೆರೆಯಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಲೇತಿನ ಮುಂದೆ ನಿಂತವನು ವಾಂತಿ ಮಾಡಿಕೊಂಡು ಗೋಣಿಚೀಲದ ಹಾಗೆ ಕುಸಿದೆ. "ನಾನು ಬೀಳೋನಲ್ಲ" ಎಂದು ಹೇಳಿ ಒಂದು ವಾರವೂ ಆಗಿರಲಿಲ್ಲ. ಗೆಳೆಯನೂ ಹೆಂಡತಿಯೂ ಆಟೋಗೆ ಹಾಕಿಕೊಂಡು ಹೋದರು. ಬಿಪಿ ನೆಲಕ್ಕಿಳಿದಿತ್ತು. ಡ್ರಿಪ್ಪು ಹಾಕಿದ ಮೇಲೆ ಕಣ್ಣು ಬಿಟ್ಟರೆ ಡಾಕ್ಟರು ಎದುರಿಗಿದ್ದರು.

"ಚೀಟಿ ಓದೋಕೆ ಬರುತ್ತಾ ನಿಮಗೆ?"

"ಬತ್ತದೆ ಮೇಡಂ. ಏಳನೇ ಕ್ಲಾಸು."

"ಸಾಕು. ನನ್ನ ಚೀಟಿಗೆ ನಾಲ್ಕನೇ ಕ್ಲಾಸೇ ಸಾಕು."

ಮಾತ್ರೆಯನ್ನು ಹೇಳಿದ ಹಾಗೆ ಇಳಿಸಿದ ಮೇಲೆ ಒಂದೇ ದಿನ ಎರಡೂ ಕಡೆ ಆಪರೇಷನ್ ಆಯಿತು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು, ತಲೆ ಮಾತ್ರ ಎಚ್ಚರವಾಗಿತ್ತು. ಎಡಗಾಲಿಗೆ ಡ್ರಿಲ್ ಇಟ್ಟ ಸದ್ದು ಕೇಳಿಸಿತು. ಮೂವತ್ತು ವರ್ಷದ ಕಿವಿ ಸುಮ್ಮನಿರಬೇಕಲ್ಲ.

"ಮೇಡಂ, ಒಸಿ ನಿಧಾನ. ಜೋರಾಗಿ ಕೊರೆದ್ರೆ ಒಳಗೆ ಸುಡ್ತದೆ."

ಪರದೆಯ ಆಚೆ ಡ್ರಿಲ್ ನಿಂತಿತು. "ನೀರು ಹಾಕಿಕೊಂಡೇ ಕೊರೀತಿದ್ದೀವಿ ಮೇಸ್ತ್ರಿ" ಎಂದಿತು ಡಾಕ್ಟರ ದನಿ. "ಇವರಿಗೆ ಸ್ವಲ್ಪ ನಿದ್ದೆ ಔಷಧಿ ಕೊಡ್ರಪ್ಪ."

ಆ ಮೇಲಿನ ತಿಂಗಳುಗಳು ನನ್ನ ಜಂಬಕ್ಕೆ ಹೇಳಿ ಮಾಡಿಸಿದಂತಿದ್ದವು. ಹೊಸ ಬಲಗಾಲಿನ ಮೇಲೆ ಭಾರ ಹಾಕಬಹುದು, ಎಡಗಾಲು ಸುಮ್ಮನೆ ನೆಲ ಮುಟ್ಟಬೇಕು ಅಷ್ಟೆ. ಊರುಗೋಲು ಹಿಡಿದುಕೊಂಡು ಬಚ್ಚಲಿಗೆ ಹೋಗುವುದೇ ಅರ್ಧ ದಿನದ ಕೆಲಸ. ನೆಲದಲ್ಲಿ ಕೂರುವಂತಿಲ್ಲ. ಮನೆಯಲ್ಲಿ ಎಲ್ಲರೂ ನೆಲದಲ್ಲಿ ಉಣ್ಣುವಾಗ ನಾನೊಬ್ಬ ಕುರ್ಚಿಯ ಮೇಲೆ, ನಾಟಕದ ರಾಜನ ಹಾಗೆ. ಎದೆಯ ಡಾಕ್ಟರು ಹೇಳಿದಂತೆ ದಿನಕ್ಕೆರಡು ಸಲ ಪಂಪು ಎಳೆಯುತ್ತಿದ್ದೆ. ಹೆಂಡತಿ ಕೆಂಗಲ್ ಆಂಜನೇಯನಿಗೆ ಹರಕೆ ಹೊತ್ತಿದ್ದಳು. ನಾನು ಹಾಕಬೇಕಾದ ಪ್ರದಕ್ಷಿಣೆಯನ್ನೂ ಅವಳೇ ಹಾಕಿ ಬಂದಳು.

ಗೆಳೆಯ ನೋಡಲು ಬಂದವನು ಮಂಚದ ತುದಿಯಲ್ಲಿ ಕೂತು ನನ್ನ ಕಾಲನ್ನು ನೋಡಿದ.

"ಅಲ್ಲಾ ಕಣ್ಲಾ, ನಾನು ದಿನಾ ಸಂಜೆ ಕ್ವಾರ್ಟ್ರು ಹಾಕ್ತೀನಿ. ಕುಡೀದೆ ಇರೋ ನಿಂದು ಹೋಯ್ತು, ನಂದು ಕಲ್ಲಂಗೈತೆ."

"ಕುಡಿಯೋರ್ಗೂ ಬತ್ತದಂತೆ. ಡಾಕ್ಟ್ರು ಮೊದ್ಲು ಕೇಳಿದ್ದೇ ಅದು. ನೋವಿಲ್ದೇನೂ ಒಳಗೆ ಇರ್ತದಂತೆ."

ಅವನು ಮೆಲ್ಲಗೆ ತನ್ನ ತೊಡೆಸಂದು ಮುಟ್ಟಿಕೊಂಡ. ಎರಡು ದಿನ ಕಾಣಲಿಲ್ಲ. ಮೂರನೇ ದಿನ ಬಂದು, "ಬೀರೂ ಲೆಕ್ಕುಕ್ಕೆ ಬತ್ತದಾ, ಕೇಳಿದ್ಯಾ?" ಎಂದ.

ಊರಿನಲ್ಲಿ ಇನ್ನೊಂದು ಚರ್ಚೆ ಶುರುವಾಗಿತ್ತು. ಕೀಲು ಬದಲಾಯಿಸಿದ ಕಾಲಿಗೆ ಇನ್ನೂ ಆ ಗುಣ ಇದೆಯೇ ಎಂದು. ಪಾದ ಹುಟ್ಟಿದಾಗಿನದೇ ತಾನೆ ಎಂದು ಒಂದು ಪಾರ್ಟಿ, ಕಂಪನಿ ಮಾಲು ಸೇರಿಕೊಂಡಿದೆ ಎಂದು ಇನ್ನೊಂದು ಪಾರ್ಟಿ. ಡಾಕ್ಟರು ಒದೆಯುವುದನ್ನು ಪೂರ್ತಿ ನಿಷೇಧಿಸಿದ್ದರಿಂದ ತೀರ್ಮಾನವಾಗಲಿಲ್ಲ. ಬಲಗಾಲು ಎತ್ತಿದರೆ ಇಡೀ ಭಾರ ಎಡಗಾಲಿನ ಮೇಲೆ. ಈಗಲೂ ಉಳುಕೆಂದು ಬಂದವರಿಗೆ ಕಾಫಿ ಕೊಟ್ಟು, ಅವರು ಏನೇನು ಪುಡಿ, ಮಾತ್ರೆ ನುಂಗುತ್ತಿದ್ದಾರೆಂದು ಕೇಳುತ್ತೇನೆ. ಮೊದಲು ಎಲ್ಲರೂ ಏನೂ ಇಲ್ಲ ಎನ್ನುತ್ತಾರೆ. ಆಗ ನಾನು ಅವರ ಹೆಂಡತಿಯ ಮುಖ ನೋಡುತ್ತೇನೆ.

ಮೊನ್ನೆ ಎಡಗಾಲಿಗೆ ಎರಡು ವರ್ಷದ ಸ್ಕ್ಯಾನು. ನಡುವೆ ಒಂದು ತಿಂಗಳು ತೊಡೆಸಂದಿನಲ್ಲಿ ಏನೋ ಚುಳುಕ್ ಎನ್ನುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಹಳೆಯ ಚಾಳಿ. ಡಾಕ್ಟರ ಎದುರು ಕೂತಾಗ ಅವರು ಕೇಳುವ ಮೊದಲೇ ಹೇಳಿಬಿಟ್ಟೆ. ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು, ಬ್ಯಾಗಿಗೆ ಕೈ ಹಾಕಲಿಲ್ಲ.

ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟರು. "ನೀವೇ ನೋಡಿ ಹೇಳಿ."

ಮುಂದೆ ಬಾಗಿ ನೋಡಿದೆ. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ನೋಡಿದೆ. ಎಲ್ಲೂ ಅಂಚು ಮುರಿದಿರಲಿಲ್ಲ.

"ಗುಂಡಗೈತೆ."

"ಗುಂಡಗಿದೆ" ಎಂದರು ಆಕೆ. "ಒಳಗಿನ ಸತ್ತ ಭಾಗ ಪೂರ್ತಿ ಹೋಗಿಲ್ಲ. ಆದರೆ ದೊಡ್ಡದಾಗಿಲ್ಲ, ಕುಸಿದಿಲ್ಲ. ಗೆದ್ದಿದ್ದೀವಿ ಅಂತ ನಾನು ಹೇಳಲ್ಲ. ವರ್ಷ ಬಿಟ್ಟು ಮತ್ತೆ ನೋಡೋಣ. ಕೂತೇ ಕೆಲಸ ಮಾಡಿ. ಓಡೋದು, ಹಾರೋದು ಬೇಡ."

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆವು. ಚನ್ನಪಟ್ಟಣದ ಬಸ್ಸು ಆಗಲೇ ಹೊರಟು, ಗೇಟಿನ ಹತ್ತಿರ ನಿಧಾನ ಮಾಡಿತ್ತು. ಇಪ್ಪತ್ತು ಹೆಜ್ಜೆ. ಕಂಡಕ್ಟರು ಬಾಗಿಲಲ್ಲಿ ನಿಂತು, "ಬನ್ನಿ, ಬನ್ನಿ, ಬೇಗ" ಎಂದು ಕೈ ಆಡಿಸಿದ. ನನ್ನ ಮೈ ತಾನಾಗಿಯೇ ಮುಂದಕ್ಕೆ ಬಾಗಿತು. ಹೆಂಡತಿ ನಿಂತು ನೋಡುತ್ತಿದ್ದಳು.

ನಾನು ಕೈ ಎತ್ತಿ, ಹೋಗಪ್ಪ ಎಂದು ಕಂಡಕ್ಟರಿಗೆ ಸನ್ನೆ ಮಾಡಿದೆ. ಬಸ್ಸು ಹೊಗೆ ಬಿಟ್ಟು ಹೋಯಿತು.

"ಇನ್ನೊಂದು ಬತ್ತದೆ ಬುಡಿ" ಎಂದಳು.

"ಗೊತ್ತು ಕಣಮ್ಮಿ" ಎಂದೆ, ಅದು ಮೊದಲಿನಿಂದಲೂ ಗೊತ್ತಿದ್ದವನ ಹಾಗೆ. ಇಬ್ಬರೂ ನಿಧಾನವಾಗಿ ನಡೆದು ಹೋಗಿ ಕಲ್ಲು ಬೆಂಚಿನ ಮೇಲೆ ಕೂತೆವು.